ಹಳೆಯ ಕಾರಿಗೆ ಹೊಸ ಬೆಳಕು

ಇರುಳಿನಲ್ಲಿ ಸಂಚರಿಸುವ ವಾಹನಕ್ಕೆ ದೀಪವೇ ಕಣ್ಣು. ಆದರೆ ನಮ್ಮ ಕಣ್ಣಿಗೂ ಆ ಕಣ್ಣಿಗೂ ದೊಡ್ಡದೊಂದು ಭೇದವುಂಟು. ನಮ್ಮ ಕಣ್ಣು ಬೆಳಕನ್ನು ಒಳಗೆ ತೆಗೆದುಕೊಳ್ಳುತ್ತದೆ. ವಾಹನದ ಕಣ್ಣು ಬೆಳಕನ್ನು ಹೊರಗೆ ಚೆಲ್ಲುತ್ತದೆ. ಹಾಗೆ ಚೆಲ್ಲಿದ ಬೆಳಕು ಚಾಲಕನಿಗೆ ದಾರಿ ತೋರಬಲ್ಲುದು; ಎದುರಿನಿಂದ ಬರುವವನ ಕಣ್ಣನ್ನು ಕುಕ್ಕಲೂ ಬಲ್ಲುದು. ಸಚಿನ್ ಕೈಗಾರಿಕಾ ವಸಾಹತಿನಲ್ಲಿ ರಾತ್ರಿಪಾಳಿಯನ್ನು ಮುಗಿಸಿ ಸೈಕಲ್ಲಿನ ಮೇಲೆ ಮರಳುವ ಯಾರನ್ನಾದರೂ ಕೇಳಿ ನೋಡಿರಿ. ಲಾರಿಯ ಬೆಳಕು ಕಣ್ಣಿಗೆ ಬಿದ್ದೊಡನೆ ರಸ್ತೆಯ ಅಂಚೇ ಕಾಣದಾಗುವುದೆಂದು ಅವರು ಹೇಳಿಯಾರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅದರ ಚಾಲಕನ ಕಣ್ಣು ಎರಡೇ ಸೆಕೆಂಡು ಮಂಕಾದರೂ ಸುಮಾರು 33 ಮೀಟರ್ ದೂರವನ್ನು ಅವನು ಕುರುಡನಂತೆ ದಾಟಿದ ಹಾಗಾಯಿತು. ಆದುದರಿಂದ ದೀಪವನ್ನು ಸುಧಾರಿಸುವುದೆಂದರೆ ಬೆಳಕನ್ನು ಹೆಚ್ಚಿಸುವುದಷ್ಟೇ ಅಲ್ಲ. ಅದನ್ನು ಬೀಳಬೇಕಾದ ಕಡೆ ಬೀಳಿಸುವುದು.

ಈ ತತ್ತ್ವವನ್ನು ಹಳೆಯ ಸ್ಪೋರ್ಟ್ಸ್ ಕಾರೊಂದರ ದೀಪವನ್ನು ಬಿಚ್ಚಿ ನೋಡಿ ತಿಳಿಯುವುದು ಸುಲಭ. ಏಕೆಂದರೆ ಹಳೆಯ ಕಾರುಗಳಲ್ಲಿ ಪ್ರತಿಯೊಂದು ಭಾಗವೂ ಕೈಗೆ ಸಿಗುವಂತಿರುತ್ತದೆ. ಬ್ರಿಟನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಎಂಬ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರ ಮುಂದಿನ ದೀಪಗಳು 7 ಅಂಗುಲ, ಅಂದರೆ ಸುಮಾರು 178 ಮಿಲಿಮೀಟರ್ ವ್ಯಾಸದ ದುಂಡು ದೀಪಗಳು. ನಮ್ಮ ಅಂಬಾಸಿಡರ್ ಕಾರಿನಲ್ಲಿಯೂ ಇದೇ ಅಳತೆಯ ದೀಪವಿದ್ದಿತು. ಆದುದರಿಂದ ಇಲ್ಲಿ ಹೇಳುವ ಸಂಗತಿಗಳು ನಿಮ್ಮ ನೆರೆಯ ಗ್ಯಾರೇಜಿನಲ್ಲಿಯೂ ಉಪಯೋಗಕ್ಕೆ ಬಂದಾವು.

ಮೊದಲಿಗೆ ದೀಪದ ಇತಿಹಾಸವನ್ನು ಸ್ವಲ್ಪ ನೋಡೋಣ. ಆದಿಯ ಕಾರುಗಳಲ್ಲಿ ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿಸಿ, ಹುಟ್ಟುವ ಅಸಿಟಿಲೀನ್ ಅನಿಲವನ್ನು ಉರಿಸುತ್ತಿದ್ದರು. ಬಳಿಕ ವಿದ್ಯುದ್ದೀಪ ಬಂದಿತು. ಅಮೆರಿಕದಲ್ಲಿ 1940ರ ಮಾದರಿಯ ಕಾರುಗಳಿಂದ ಸೀಲ್ಡ್ ಬೀಮ್ ಎಂಬ ದೀಪ ಬಳಕೆಗೆ ಬಂದಿತು. ಇದರಲ್ಲಿ ತಂತು, ಪ್ರತಿಫಲಕ, ಮುಂದಿನ ಗಾಜು ಮೂರೂ ಬೆಸೆದ ಒಂದೇ ಗಡ್ಡೆ. ಧೂಳು ಒಳಹೋಗದು, ನಿಜ; ಆದರೆ ತಂತು ಕಡಿದರೆ ಇಡೀ ದೀಪವನ್ನೇ ಎಸೆಯಬೇಕು. ಅನಂತರ 1971ರಲ್ಲಿ ಯುರೋಪಿನಲ್ಲಿ ಎಚ್4 ಎಂಬ ಹ್ಯಾಲೊಜೆನ್ ಬಲ್ಬು ಬಂದಿತು. ಹಳೆಯ ಕಾರಿನ ಸೀಲ್ಡ್ ಬೀಮನ್ನು ತೆಗೆದು, ಅದೇ ಅಳತೆಯ ಪ್ರತಿಫಲಕವನ್ನೂ ಈ ಬಲ್ಬನ್ನೂ ಕೂರಿಸುವುದೇ ಬಹುಮಂದಿ ಮಾಡುವ ಸುಧಾರಣೆ.

ಸಾಮಾನ್ಯ ಬಲ್ಬಿನಲ್ಲಿ ಕಾದ ಟಂಗ್‌ಸ್ಟನ್ ತಂತುವು ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಗಾಜಿಗೆ ಕಪ್ಪಾಗಿ ಅಂಟುತ್ತದೆ. ಹ್ಯಾಲೊಜೆನ್ ಬಲ್ಬಿನಲ್ಲಿರುವ ಅಯೊಡಿನ್ ಅಥವಾ ಬ್ರೋಮಿನ್ ಆ ಆವಿಯೊಡನೆ ಕೂಡಿ, ಅದನ್ನು ಮರಳಿ ತಂತುವಿನೆಡೆಗೆ ಒಯ್ಯುತ್ತದೆ. ಹೀಗಾಗಿ ತಂತುವನ್ನು ಇನ್ನೂ ಹೆಚ್ಚು ಕಾಯಿಸಬಹುದು, ಬೆಳಕು ಬಿಳುಪಾಗುತ್ತದೆ. ಈ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟತಕ್ಕದ್ದಲ್ಲ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ವಿಪರೀತ ಕಾದು ಒಡೆಯಬಹುದು.

ಎಚ್4 ಬಲ್ಬಿನಲ್ಲಿ ಎರಡು ತಂತುಗಳಿವೆ: ದೂರದ ಬೆಳಕಿಗೆ 60 ವ್ಯಾಟಿನದು, ಡಿಪ್ ಬೆಳಕಿಗೆ 55 ವ್ಯಾಟಿನದು. ಡಿಪ್ ತಂತುವಿನ ಕೆಳಗೆ ಲೋಹದ ಪುಟ್ಟ ಬಟ್ಟಲೊಂದುಂಟು. ಅದು ಕೆಳಮುಖದ ಬೆಳಕನ್ನು ತಡೆಯುವುದರಿಂದ ಪ್ರತಿಫಲಕದ ಮೇಲರ್ಧಕ್ಕೆ ಮಾತ್ರ ಬೆಳಕು ತಗುಲಿ, ರಸ್ತೆಯ ಕಡೆಗೆ ಬಾಗುತ್ತದೆ. ಎದುರಿನವನ ಕಣ್ಣನ್ನು ಕಾಯುವುದು ಈ ಬಟ್ಟಲೇ.

ಇನ್ನು ತಂತಿಯ ವಿಚಾರ. ಎಂಜಿಬಿ ಕಾರಿನಲ್ಲಿ ದೀಪದ ವಿದ್ಯುತ್ತೆಲ್ಲವೂ ಚಾಲಕನ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. 60 ವ್ಯಾಟಿನ ಎರಡು ದೀಪಗಳಿಗೆ 120 ವ್ಯಾಟ್. 12 ವೋಲ್ಟಿನಲ್ಲಿ 10 ಆಂಪೇರ್. ಮುದಿ ತಂತಿ, ಸವೆದ ಸ್ವಿಚ್ಚು, ತುಕ್ಕುಹಿಡಿದ ಕೂಡುಗಳ ಒಟ್ಟು ರೋಧ 0.12 ಓಮ್ ಎಂದು ಭಾವಿಸಿರಿ. ಓಮನ ನಿಯಮದಂತೆ 10 × 0.12 = 1.2 ವೋಲ್ಟ್ ದಾರಿಯಲ್ಲೇ ಕಳೆಯುತ್ತದೆ. ವೋಲ್ಟೇಜು ಹತ್ತರಲ್ಲಿ ಒಂದಂಶ ಇಳಿದರೆ ಬೆಳಕೂ ಅಷ್ಟೇ ಇಳಿಯುವುದೆಂದು ತಿಳಿಯಬೇಡಿರಿ. ಅದು ನೂರಕ್ಕೆ ಸುಮಾರು 30ರಷ್ಟು ಕುಗ್ಗುತ್ತದೆ. ಇದಕ್ಕೆ ಪರಿಹಾರ ರಿಲೇ. ಬ್ಯಾಟರಿಯಿಂದ ದಪ್ಪ ತಂತಿಯನ್ನು, ಫ್ಯೂಸಿನೊಡನೆ, ರಿಲೇಯ ಮೂಲಕ ನೇರ ದೀಪಕ್ಕೆ ಒಯ್ಯುತ್ತಾರೆ. ಹಳೆಯ ಸ್ವಿಚ್ಚು ರಿಲೇಯ ವಿದ್ಯುತ್ಕಾಂತಕ್ಕೆ ಬೇಕಾದ ಅಲ್ಪ ವಿದ್ಯುತ್ತನ್ನು ಮಾತ್ರ ಹೊರುತ್ತದೆ. ಎಷ್ಟೋ ಸಲ ಬಲ್ಬನ್ನು ಬದಲಿಸದೆಯೇ, ತಂತಿಯನ್ನು ಸರಿಪಡಿಸಿದ ಮಾತ್ರದಿಂದ ದೀಪ ಬೆಳಗುವುದುಂಟು.

ಕೆಲಸದ ಕ್ರಮ ಹೀಗೆ. ಮೊದಲು ಬ್ಯಾಟರಿಯ ಸಂಪರ್ಕವನ್ನು ಬಿಡಿಸಬೇಕು. ಹೊರಗಿನ ಅಲಂಕಾರದ ಬಳೆಯನ್ನು ತೆಗೆದು, ದೀಪವನ್ನು ಹಿಡಿದಿರುವ ಒಳಬಳೆಯ ತಿರುಪುಗಳನ್ನು ಮಾತ್ರ ಸಡಿಲಿಸಬೇಕು. ದೀಪದ ಓರೆಯನ್ನು ಹೊಂದಿಸುವ ತಿರುಪುಗಳು ಬೇರೆ ಇವೆ, ಅವನ್ನು ಮುಟ್ಟಕೂಡದು. ಹಿಂದಿನ ಮೂರು ಕಡ್ಡಿಯ ಪ್ಲಗ್ಗನ್ನು ಕಳಚಿ, ಗೂಡಿನ ತುಕ್ಕನ್ನು ಉಜ್ಜಿ, ಹೊಸ ದೀಪವನ್ನು ಕೂರಿಸಬೇಕು. 1967ಕ್ಕೆ ಹಿಂದಿನ ಎಂಜಿಬಿಯಲ್ಲಿ ಬ್ಯಾಟರಿಯ ಧನ ಧ್ರುವವೇ ಕಾರಿನ ಮೈಗೆ ಸೇರಿರುತ್ತಿತ್ತು. ತಂತುವಿನ ಬಲ್ಬಿಗೆ ಇದರಿಂದ ತೊಡಕಿಲ್ಲ. ಎಲ್‌ಇಡಿಗಾದರೋ ಧನ ಋಣಗಳು ಅದಲುಬದಲಾದರೆ ಕೆಲಸ ನಡೆಯದು.

ಕೊನೆಗೆ ದೀಪದ ಓರೆ. ಸಮತಟ್ಟಾದ ನೆಲದ ಮೇಲೆ ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರನ್ನು ನಿಲ್ಲಿಸಿದಾಗ, ಡಿಪ್ ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಅಷ್ಟೇ ಅಲ್ಲದೆ, ನಾವು ರಸ್ತೆಯ ಎಡಬದಿಯಲ್ಲಿ ಸಾಗುವವರು. ನಮ್ಮ ದೀಪದ ಬೆಳಕು ಎಡಕ್ಕೆ ಮಾತ್ರ ತುಸು ಮೇಲೇರಬೇಕು. ಬಲಬದಿಯ ಸಂಚಾರವುಳ್ಳ ದೇಶಗಳಿಗಾಗಿ ಮಾಡಿದ ಗಾಜನ್ನು ತಂದು ಹಾಕಿದರೆ, ಅದು ಎದುರಿನವನ ಕಣ್ಣಿಗೇ ನೇರವಾಗಿ ಎರಗುತ್ತದೆ.

ಹಳೆಯ ಪ್ರತಿಫಲಕಕ್ಕೆ ಎಲ್‌ಇಡಿ ಬಲ್ಬನ್ನು ಸಿಕ್ಕಿಸುವ ಚಪಲ ಈಗ ಬಹಳ. ಪ್ರತಿಫಲಕವು ತಂತು ಇರುವ ನಿರ್ದಿಷ್ಟ ಬಿಂದುವಿಗಾಗಿ ರೂಪುಗೊಂಡಿದೆ. ಬೆಳಕಿನ ಮೂಲ ಕೆಲವೇ ಮಿಲಿಮೀಟರ್ ಸರಿದರೂ ಕಿರಣಗಳು ಚದರುತ್ತವೆ. ಚಾಲಕನು ತನ್ನ ದೀಪ ಪ್ರಖರವಾಯಿತೆಂದು ಹಿಗ್ಗುತ್ತಾನೆ, ಸೈಕಲ್ಲಿನವನು ಚರಂಡಿಗಿಳಿಯುತ್ತಾನೆ. ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸದಂತೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವೂ ಮಿತಿ ಹಾಕಿದೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಯಂತ್ರಶಾಸ್ತ್ರವನ್ನು ಕಲಿಯಬಹುದು. ಕೆಲವರು ಗ್ಯಾರೇಜಿನಲ್ಲಿಯೇ ದುಡಿಯಬಹುದು. ದೀಪವನ್ನು ಹೊಂದಿಸುವಾಗ ಕಾರಿನೊಳಗೆ ಕುಳಿತು ನೋಡಿದರೆ ಸಾಲದು. ಒಮ್ಮೆ ಇಳಿದು, ಎದುರಿಗೆ ನಿಂತೂ ನೋಡತಕ್ಕದ್ದು.

ಅಭ್ಯಾಸ: 1. ಮೇಲಿನ ಲೆಕ್ಕದಲ್ಲಿ ರೋಧವು 0.03 ಓಮಿಗೆ ಇಳಿದರೆ ದಾರಿಯಲ್ಲಿ ಕಳೆಯುವ ವೋಲ್ಟೇಜು ಎಷ್ಟು? 2. ಡಿಪ್ ಬೆಳಕಿನ ಮೇಲಂಚು 10 ಮೀಟರಿಗೆ 10 ಸೆಂಟಿಮೀಟರ್ ಇಳಿಯುವುದಾದರೆ, 65 ಸೆಂಟಿಮೀಟರ್ ಎತ್ತರದ ದೀಪದ ಬೆಳಕು ಎಷ್ಟು ದೂರದಲ್ಲಿ ನೆಲವನ್ನು ಮುಟ್ಟುತ್ತದೆ?