ಕುನ್ನಿಗಿಂತ ಮೊದಲು ತಾಯಿಯನ್ನು ನೋಡಿ

ನಾಗಣಸೂರ, ಅಕ್ಕಲಕೋಟೆ ಸೀಮೆಯಲ್ಲಿ ಹೊಲದ ವಸ್ತಿಗೊಂದು ಒಳ್ಳೆಯ ನಾಯಿ ಬೇಕೆಂದರೆ ಥಟ್ಟನೆ ಬಾಯಿಗೆ ಬರುವ ಹೆಸರು ಮುಧೋಳ. ಮರಾಠಿ ಮಂದಿಗೆ ಅದೇ ಕಾರವಾನಿ. ಭಾರತೀಯ ಸೇನೆ 2016ರಲ್ಲಿ ಈ ತಳಿಯ ಮರಿಗಳನ್ನು ತರಬೇತಿಗೆಂದು ಮೀರತ್‌ಗೆ ಒಯ್ದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಇದರ ಹೆಸರೆತ್ತಿದರು. ಬೇಡಿಕೆ ಏರಿತು, ದಲ್ಲಾಳಿಗಳೂ ಹುಟ್ಟಿಕೊಂಡರು. ಮೊಬೈಲಿನಲ್ಲಿ ಫೋಟೊ ನೋಡಿ, ಮುಂಗಡ ಕಳಿಸಿ, ಹೆದ್ದಾರಿಯ ಢಾಬಾದ ಎದುರು ರಟ್ಟಿನ ಡಬ್ಬಿ ಇಸಿದುಕೊಂಡು ಬರುವವರಿದ್ದಾರೆ. ದಯವಿಟ್ಟು ಹಾಗೆ ತರಬೇಡಿ. ಕುನ್ನಿ ಬೇಕಿದ್ದರೆ ಅದು ಹುಟ್ಟಿದ ಮನೆಗೇ ಹೋಗಬೇಕು, ಅದರ ತಾಯಿಯನ್ನು ಕಣ್ಣಾರೆ ಕಾಣಬೇಕು.

ಮೊದಲು ನಿಮ್ಮ ಮನೆ

ಮುಧೋಳ ನಾಯಿ ಮೂಸಿ ಬೇಟೆಯಾಡುವುದಲ್ಲ, ನೋಡಿ ಬೇಟೆಯಾಡುವುದು. ದೂರದಲ್ಲಿ ಏನಾದರೂ ಓಡಿದ್ದು ಕಂಡರೆ ಎಷ್ಟು ಕೂಗಿದರೂ ತಿರುಗಿ ನೋಡದು. ಕೋಳಿ, ಬೆಕ್ಕು, ಆಡಿನ ಮರಿ ಇರುವ ಮನೆಯವರು ಅದನ್ನು ಎಳವೆಯಿಂದಲೇ ಅವುಗಳ ಜೊತೆ ಬೆಳೆಸಬೇಕು. ಹೊರಗಿನವರು ಮೈ ಮುಟ್ಟಿದರೆ ಅದಕ್ಕೆ ಸೇರುವುದಿಲ್ಲ. ದಿನಾ ಓಡಲು ಬಯಲು ಬೇಕು. ಹಗಲೆಲ್ಲ ಸರಪಳಿಯಲ್ಲಿ ಕಟ್ಟುವವರಿಗೆ ಈ ತಳಿ ಆಗಿಬರುವುದಿಲ್ಲ. ಅಂಥವರು ನಾಯಿಯನ್ನೇ ಸಾಕದಿರುವುದು ಲೇಸು. ಆದರೆ ಗಿಡ್ಡ ಕೂದಲಿನ, ಹಗುರ ಮೈಯ ಈ ಪ್ರಾಣಿ ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು. 42 ಡಿಗ್ರಿ ಸುಡುವ ಸೋಲಾಪುರಕ್ಕೆ ಹಿಮದ ನಾಡಿನ ಹಸ್ಕಿ ನಾಯಿ ತರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಇನ್ನೊಂದು ಮಾತು. ಹೊಲಕ್ಕೆ ಬರುವ ಮೊಲದ ಮೇಲೋ ಕೃಷ್ಣಮೃಗದ ಮೇಲೋ ಛೂ ಬಿಡುವ ಉದ್ದೇಶವಿದ್ದರೆ, ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಎಲ್ಲಿ ಹುಡುಕುವುದು

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿ ಮರಿಗಳನ್ನೂ ಕೊಡುತ್ತಾರೆ, ಆದರೆ ಮೊದಲೇ ಹೆಸರು ಬರೆಸಿ ಕಾಯಬೇಕಾಗುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಒಂದೆರಡು ಹೆಣ್ಣು ನಾಯಿ ಸಾಕಿ ಮರಿ ಮಾರುವ ಕುಟುಂಬಗಳು ಬಹಳ. ಸೋಲಾಪುರ ಭಾಗದಲ್ಲೂ ಕಾರವಾನಿ ಸಾಕುವವರುಂಟು. ನಿಮ್ಮೂರ ದನದ ಡಾಕ್ಟರನ್ನು ಕೇಳಿ. ಯಾರ ಮನೆಯ ನಾಯಿಗೆ ಲಸಿಕೆ ತಪ್ಪುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.

ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: “ಮರಿ ಯಾವಾಗ ಸಿಗ್ತಾವ್ರಿ?” ನಾಯಿ ಗಬ್ಬ ಇರುವುದು ಸುಮಾರು 63 ದಿನ. ಕೇಂದ್ರ ಸರ್ಕಾರದ 2017ರ ಶ್ವಾನ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮುನ್ನ ಮರಿ ಹಾಕಿಸುವಂತಿಲ್ಲ, 8 ವರ್ಷ ದಾಟಿದ ಮೇಲೂ ಇಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದು. ಎರಡು ಹೆಣ್ಣು ನಾಯಿಯ ಮನೆಯಲ್ಲಿ ವರ್ಷಕ್ಕೆ ಎರಡು ಸಲ ಮಾತ್ರ ಮರಿ ಇರಬೇಕೆಂದಾಯಿತು. “ಯಾವಾಗ ಬರ್ರಿ, ಮರಿ ರೆಡಿ ಇರ್ತಾವ” ಎನ್ನುವವನು ಒಂದೋ ದಲ್ಲಾಳಿ, ಇಲ್ಲವೇ ಬೆದೆಗೊಂದು ಸೂಲು ಹಾಕಿಸುವವನು. “ಇನ್ನ ಎರಡು ತಿಂಗಳ ತಡೀಬೇಕ್ರಿ” ಎನ್ನುವವರ ವಿಳಾಸ ಬರೆದಿಟ್ಟುಕೊಳ್ಳಿ.

ಅವರ ಅಂಗಳದಲ್ಲಿ

ಸೋಲಾಪುರದ ಮೇಲೆ ಹೋದರೆ ನಾಗಣಸೂರಿನಿಂದ ಮುಧೋಳ ಇನ್ನೂರು ಕಿಲೋಮೀಟರ್ ದಾಟುತ್ತದೆ. ದೂರವೆಂದು ಒಂದೇ ದಿನದಲ್ಲಿ ನೋಡಿ, ಕೊಂಡು, ಮುಗಿಸುವ ಆತುರ ಬೇಡ. ಮರಿಗಳಿಗೆ ಐದಾರು ವಾರವಾದಾಗ ಬರಿಗೈಯಲ್ಲಿ ಹೋಗಿ ಬನ್ನಿ.

ತಾಯಿಯಂತೆ ಮಗಳು, ನೂಲಿನಂತೆ ಸೀರೆ. ನೇಕಾರರ ಊರಾದ ಸೋಲಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಯಿ ನಾಯಿ ನಿಮ್ಮನ್ನು ಕಂಡು ಗುರುಗುಟ್ಟಿದರೆ ಗಾಬರಿ ಬೇಡ, ಈ ತಳಿಯ ಗುಣವೇ ಅದು. ಮನೆಯವರೊಂದಿಗೆ ಹೇಗಿದೆ ನೋಡಿ. ಮನೆಯಾಕೆ ಕರೆದರೆ ಬಾಲ ಅಲ್ಲಾಡಿಸಿ ಬರುತ್ತದೆಯೇ? ಮರಿ ಎತ್ತಿಕೊಂಡರೆ ಸುಮ್ಮನಿರುತ್ತದೆಯೇ? ಯಜಮಾನನ ಕೈ ಮೇಲೇಳುತ್ತಲೇ ಮುದುರಿ ಕೂರುತ್ತದೆಯೇ? ಸಾಕಿದ ರೀತಿ ಅಲ್ಲಿಯೇ ಗೊತ್ತಾಗುತ್ತದೆ. ಪಕ್ಕೆಲುಬು ಒಂದಿಷ್ಟು ಕಾಣುವುದು ಮುಧೋಳಕ್ಕೆ ಸಹಜ; ಕಜ್ಜಿ, ಉದುರಿದ ಕೂದಲು, ಪಿಸುರುಗಣ್ಣು ಸಹಜವಲ್ಲ. ಮೊಲೆ ಜೋತಿರಬೇಕು, ಮರಿಗಳು ಹೋಗಿ ಬಾಯಿ ಹಾಕಬೇಕು. “ತಾಯಿ ಬ್ಯಾರೆ ಊರಾಗೈತ್ರಿ” ಎಂದರೆ ಚಹಾ ಕುಡಿದು ಎದ್ದು ಬನ್ನಿ.

ಮರಿಗಳಲ್ಲಿ ನೋಡಬೇಕಾದ್ದು ಕಡಿಮೆ. ಮೈ ಬಡಕಲಾಗಿ ಹೊಟ್ಟೆ ಮಾತ್ರ ಗುಡಾಣದಂತಿದ್ದರೆ ಜಂತುವಿನ ಕಾಟವಿರಬಹುದು. ಬಾಲದಡಿ ಹೇಲು ಮೆತ್ತಿದ್ದರೆ, ಮೂಗು ಸೋರುತ್ತಿದ್ದರೆ ಅವತ್ತು ಬೇಡ. ಹಿಂದಿನಿಂದ ಚಪ್ಪಾಳೆ ತಟ್ಟಿ, ಕಿವಿ ಕೇಳುತ್ತದೋ ಇಲ್ಲವೋ ತಿಳಿಯುತ್ತದೆ. ಯಾವುದನ್ನು ಆರಿಸಬೇಕೆಂಬುದನ್ನು ಸಾಕಿದವರಿಗೇ ಬಿಡಿ. ಅರ್ಧ ತಾಸು ನೋಡಿದ ನಿಮಗಿಂತ ಹುಟ್ಟಿದಂದಿನಿಂದ ನೋಡಿದವರಿಗೆ ಒಂದೊಂದರ ಸ್ವಭಾವ ಚೆನ್ನಾಗಿ ಗೊತ್ತು.

ಒಳ್ಳೆಯವರು ನಿಮ್ಮನ್ನೂ ಬಿಡದೆ ಕೇಳುತ್ತಾರೆ. “ವಸ್ತಿ ಮ್ಯಾಲೆ ಇಡ್ತೀರೋ, ಮನ್ಯಾಗೋ? ಆಡು ಕುರಿ ಅದಾವೇನ್ರಿ? ಊರಿಗೆ ಹೋದ್ರ ಯಾರು ನೋಡ್ತಾರ?” ಇದನ್ನು ಅವಮಾನ ಎಂದುಕೊಳ್ಳಬೇಡಿ. ಏನೂ ಕೇಳದೆ ದುಡ್ಡು ಎಣಿಸಿಕೊಳ್ಳುವವರ ಬಗ್ಗೆಯೇ ಸಂಶಯವಿರಲಿ.

ಎಂಟು ವಾರ, ಮತ್ತು ಕಾಗದ

ಸಂತೆಯ ಲೆಕ್ಕದಲ್ಲಿ ‘45 ದಿನದ ಮರಿ’ ಎಂಬ ಮಾತು ಬಹಳ ಓಡುತ್ತದೆ. ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕಚ್ಚುವ ಮಿತಿಯನ್ನು ಮರಿ ಕಲಿಯುವುದು ಒಡಹುಟ್ಟುಗಳ ಜೊತೆ ಉರುಳಾಡುತ್ತ ಇದೇ ಕೊನೆಯ ವಾರಗಳಲ್ಲಿ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಬಾಯಿ ಬಿಡಿಸಿ ನೋಡಿ: 8 ವಾರದ ಹೊತ್ತಿಗೆ 28 ಹಾಲುಹಲ್ಲುಗಳು ಹೆಚ್ಚುಕಡಿಮೆ ಎಲ್ಲ ಬಂದಿರುತ್ತವೆ.

ಮನೆಯಲ್ಲಿ ಸಾಕಿ ಮಾರುವವರೂ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಹಳ್ಳಿಯಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ, ಕೇಳಿ, ತಿಳಿಸಿ. ರಸೀದಿಯಲ್ಲಿ ಹುಟ್ಟಿದ ದಿನ, ತಂದೆ ತಾಯಿಯ ವಿವರ, ಮಾರಿದವರ ವಿಳಾಸ ಇರಲಿ. ಮರಿ ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುವ ಮಾತನ್ನೂ ಬರೆಸಿ. ಲಸಿಕೆಯ ಕಾರ್ಡಿನಲ್ಲಿ ಬಾಟಲಿಯ ಚೀಟಿ ಅಂಟಿಸಿ ಡಾಕ್ಟರು ಸಹಿ ಹಾಕಿರಬೇಕು; ಪೆನ್ನಿನಲ್ಲಿ ಗೀಚಿದ ತಾರೀಖನ್ನು ನಂಬಬೇಡಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರದಲ್ಲಿ ‘ಕ್ಯಾರವಾನ್ ಹೌಂಡ್’ ಎಂದಿದ್ದರೆ ಮೋಸವೆಂದು ಜಗಳಕ್ಕಿಳಿಯಬೇಡಿ, ಅಲ್ಲಿ ಮುಧೋಳ ದಾಖಲಾಗುವುದು ಆ ಹೆಸರಿನಲ್ಲೇ.

ಮನೆಗೆ ಬಂದ ಮೇಲೆ

ಬೇಸಿಗೆಯಾದರೆ ನಸುಕಿನಲ್ಲೇ ಹೊರಡಿ. ತಾಯಿ ಮಲಗುವ ಗೋಣಿಚೀಲದ ಒಂದು ತುಂಡು ಕೇಳಿ ತಂದು ಮರಿಯ ಕೆಳಗೆ ಹಾಸಿ, ರಾತ್ರಿಯ ಅಳು ಕಡಿಮೆಯಾದೀತು. ದಾರಿಯಲ್ಲಿ ಬೀದಿನಾಯಿ ಓಡಾಡುವ ಕಡೆ ನೆಲಕ್ಕಿಳಿಸಬೇಡಿ. ಮರಿಗಳಿಗೆ ರಕ್ತಭೇದಿ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ನಿಮ್ಮ ಅಂಗಳದಲ್ಲಿ ಈಚೆಗೆ ನಾಯಿಯೊಂದು ರಕ್ತಭೇದಿಯಿಂದ ಸತ್ತಿದ್ದರೆ, ಹೊಸ ಮರಿ ತರುವ ಮುನ್ನ ಡಾಕ್ಟರನ್ನು ಕೇಳಿ. ಗಚ್ಚಿನ ನೆಲವನ್ನು ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ತೊಳೆಯಬಹುದು.

ಎರಡು ಮೂರು ದಿನದೊಳಗೆ ಕಾರ್ಡ್ ಸಮೇತ ದವಾಖಾನೆಗೆ ತೋರಿಸಿ. ಉಳಿದ ಲಸಿಕೆ ಮೂರು ನಾಲ್ಕು ವಾರಕ್ಕೊಮ್ಮೆ, ಹುಚ್ಚುನಾಯಿ ರೋಗದ್ದು ಮೂರು ತಿಂಗಳಿಗೆ. ಮೊದಲ ವಾರ ಅಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಹಾಕಿ, ಆಮೇಲೆ ನಿಧಾನಕ್ಕೆ ಬದಲಿಸಿ. ಜೋಳದ ರೊಟ್ಟಿ, ಹಾಲಷ್ಟರಲ್ಲೇ ಬೆಳೆಯುವ ಮರಿಗೆ ಸಾಲದು. ಮೊಟ್ಟೆಯೋ ಮಾಂಸವೋ ಬೇಕು. ಬೇಯಿಸಿದ ಕೋಳಿಯ ಎಲುಬು ಮಾತ್ರ ಬೇಡ. ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್, ಉಳ್ಳಾಗಡ್ಡಿ ರಾಶಿ ಇರುವ ಸೀಮೆ ನಮ್ಮದು. ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ, ಉಳ್ಳಾಗಡ್ಡಿ ರಕ್ತ ಕೆಡಿಸುತ್ತದೆ. ತಿಂದದ್ದು ಕಂಡರೆ ವಾಂತಿಯಾಗಲಿ ಎಂದು ಕಾಯದೆ ಆಗಲೇ ಡಾಕ್ಟರಿಗೆ ಫೋನ್ ಮಾಡಿ.