ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್: ಸಂಘದ ಲೆಕ್ಕ ಉಳಿಸಿಕೊಂಡು ಹಾಕುವ ಬಗೆ



ಲಷ್ಕರ್ ಮೊಹಲ್ಲಾದ ಸಂಘಗಳ ಸಭೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. “ನಮ್ಮ ಕಂಪ್ಯೂಟರ್ ಹಳೇದು, ವಿಂಡೋಸ್ 10 ಇದೆ. ಅದು ಇನ್ನು ಮೇಲೆ ಸುರಕ್ಷಿತ ಅಲ್ಲ ಅಂತಾರೆ. ಹೊಸದು ತಗೊಳ್ಳೋಕೆ ದುಡ್ಡಿಲ್ಲ. ಲಿನಕ್ಸ್ ಹಾಕಿ ಅಂತ ಮಕ್ಕಳು ಹೇಳ್ತಾರೆ. ಹಾಕಿದ್ರೆ ನಮ್ಮ ಲೆಕ್ಕ ಎಲ್ಲಾ ಹೋಗ್ಬಿಡುತ್ತಾ?”

ಹೋಗಬೇಕಾಗಿಲ್ಲ. ಆದರೆ ಹೋಗುವ ಅಪಾಯ ಸುಳ್ಳಲ್ಲ. ಇಡೀ ಕೆಲಸದಲ್ಲಿ ಎರಡು ಮೂರು ಜಾಗದಲ್ಲಿ ಮಾತ್ರ ಆ ಅಪಾಯ ಇದೆ. ಆ ಜಾಗಗಳು ಯಾವುವು ಎಂದು ಸಂಘದ ಇಬ್ಬರಿಗಾದರೂ ಗೊತ್ತಿದ್ದರೆ ಸಾಕು, ಉಳಿದದ್ದನ್ನು ಯಾರ ಕೈಯಲ್ಲಿ ಬೇಕಾದರೂ ಮಾಡಿಸಬಹುದು. ಹತ್ತು ವರ್ಷದ ಉಳಿತಾಯ, ಆಂತರಿಕ ಸಾಲ, ಬಡ್ಡಿ, ಬ್ಯಾಂಕಿನ ಸಾಲದ ಕಂತು ಎಲ್ಲವೂ ಒಂದು ಡಿಸ್ಕಿನಲ್ಲಿ ಕೂತಿರುವಾಗ “ಫಾರ್ಮ್ಯಾಟ್ ಮಾಡಿಬಿಡ್ತೀನಿ ಮೇಡಂ, ಹೊಸದರ ಹಾಗೆ ಆಗುತ್ತೆ” ಎನ್ನುವ ಮಾತಿಗೆ ತಲೆ ಆಡಿಸುವುದು ಸಣ್ಣ ವಿಷಯ ಅಲ್ಲ. ಫಾರ್ಮ್ಯಾಟ್ ಅಂದರೆ ಅಳಿಸುವುದು.

ಯಾಕೆ ಈಗ ಈ ಮಾತು?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಉಚಿತ ಭದ್ರತಾ ನವೀಕರಣ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೇರೆಯಾಗಿ ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರುಗಳಿಗೆ ಮಾತ್ರ ಮುಂದೆ ಒಂದು ವರ್ಷದ ವಾಯಿದೆ ಕೊಟ್ಟರು. ಅಂದ ಮಾತ್ರಕ್ಕೆ ಆ ದಿನ ಕಂಪ್ಯೂಟರ್ ನಿಂತುಹೋಗಲಿಲ್ಲ, ಎಂದಿನಂತೆ ನಡೆಯುತ್ತದೆ. ಆದರೆ ಹೊಸದಾಗಿ ಕಂಡುಬಂದ ಬಿರುಕುಗಳಿಗೆ ತೇಪೆ ಹಾಕುವವರಿಲ್ಲ. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಜೊತೆಗೆ ಸಾಕಷ್ಟು ಹೊಸ ಪ್ರೊಸೆಸರ್ ಬೇಕು. ಯಾರೋ ಬಳಸಿ ಕೊಟ್ಟ ನಮ್ಮ ಹಳೇ ಪೆಟ್ಟಿಗೆಗಳಲ್ಲಿ ಅದೆಲ್ಲಿಂದ ಬರಬೇಕು?

ಲಿನಕ್ಸ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1991ರಲ್ಲಿ ಫಿನ್ಲೆಂಡ್ ದೇಶದ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಇದನ್ನು ಶುರು ಮಾಡಿದ. ಆಮೇಲೆ ಪ್ರಪಂಚದ ಸಾವಿರಾರು ಜನ ಕೈ ಜೋಡಿಸಿದರು. ಊರಿನಲ್ಲಿ ಮುಯ್ಯಾಳು ಮಾಡುತ್ತಿದ್ದರಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು, ಸುಮಾರು ಹಾಗೇ. ಲೈಸೆನ್ಸಿಗೆ ದುಡ್ಡು ಕೊಡಬೇಕಾಗಿಲ್ಲ, ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಬಹುದು, ಹಂಚಬಹುದು. ಕದ್ದ ಸಿ.ಡಿ.ಯ ಭಯ ಇಲ್ಲ.

ಇದು ನಮ್ಮ ಕಡೆಗೆ ಹೊಸದೇನೂ ಅಲ್ಲ. 2000ರ ದಶಕದಲ್ಲಿ ಇದೇ ಮೈಸೂರು ಜಿಲ್ಲೆಯಲ್ಲಿ ಮಹಿಳಾ ಸಮಖ್ಯಾದ ಸಂಘಗಳ ಜೊತೆ ಸೇರಿ ಐಟಿ ಫಾರ್ ಚೇಂಜ್ ಸಂಸ್ಥೆ ‘ಮಾಹಿತಿ ಮಂಥನ’ ಎಂಬ ಕೆಲಸ ನಡೆಸಿತ್ತು. ಜ್ಞಾನವಾಣಿ ಎಫ್.ಎಂ.ನಲ್ಲಿ ‘ಕೇಳು ಸಖಿ’ ಎಂಬ ಕಾರ್ಯಕ್ರಮ ಬರುತ್ತಿತ್ತು, ಹಳ್ಳಿಗಳಲ್ಲಿ ‘ನಮ್ಮ ಮಾಹಿತಿ ಕೇಂದ್ರ’ಗಳಲ್ಲಿ ಹೆಣ್ಣುಮಕ್ಕಳೇ ಕಂಪ್ಯೂಟರ್ ಮುಂದೆ ಕೂತರು. ಅದೇ ಸಂಸ್ಥೆ ಮುಂದೆ ರಾಜ್ಯದ ಶಿಕ್ಷಣ ಇಲಾಖೆಯ ಜೊತೆ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಎಂಬ ಲಿನಕ್ಸ್ ಕಲಿಸಿತು. ಬೆಂಗಳೂರಿನ ಗುರಪ್ಪನಪಾಳ್ಯ ಹತ್ತಿರದ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರ ಹಳೇ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿಕೊಂಡೇ ಮಕ್ಕಳಿಗೆ ಕಲಿಸಿತು.

ಹಾಗಾದರೆ ವಿಂಡೋಸ್ ತೆಗೆದೇ ಹಾಕಬಾರದೇ?

ಹಾಕಬಹುದು, ಆದರೆ ಅವಸರ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಒಕ್ಕೂಟದ ಲೆಕ್ಕಕ್ಕೆ ಟ್ಯಾಲಿ ಬಳಸುವವರಿದ್ದಾರೆ, ಅದು ವಿಂಡೋಸಿಗಾಗಿ ಮಾಡಿದ್ದು. ಕೆಲವು ಹಳೇ ಪ್ರಿಂಟರುಗಳು ಲಿನಕ್ಸಿನ ಮಾತು ಕೇಳುವುದಿಲ್ಲ. ಅದಕ್ಕೇ ಎರಡೂ ಇರಲಿ. ಒಂದೇ ಕಂಪ್ಯೂಟರಿನಲ್ಲಿ ಎರಡು ವ್ಯವಸ್ಥೆ ಇಟ್ಟುಕೊಳ್ಳುವುದಕ್ಕೆ ‘ಡ್ಯುಯಲ್ ಬೂಟ್’ ಎನ್ನುತ್ತಾರೆ.

ಅಶೋಕ ರಸ್ತೆಯ ಹಿಂದಿನ ಗಲ್ಲಿಗಳಲ್ಲಿ ಹಳೇ ವಠಾರದಲ್ಲಿ ಇದ್ದವರಿಗೆ ಇದು ಬೇಗ ತಿಳಿಯುತ್ತದೆ. ಹೊರಬಾಗಿಲು ಒಂದೇ, ಒಳಗೆ ಎರಡು ಸಂಸಾರ, ಅಡುಗೆಮನೆ ಬೇರೆ ಬೇರೆ. ಡಿಸ್ಕು ಎಂದರೆ ಆ ವಠಾರ. ಅದರಲ್ಲಿ ವಿಂಡೋಸಿಗೆ ಒಂದು ಪಾಲು, ಲಿನಕ್ಸಿಗೆ ಒಂದು ಪಾಲು. ಪಾಲಿಗೆ ‘ಪಾರ್ಟಿಷನ್’ ಎಂಬ ಹೆಸರು. ಕಂಪ್ಯೂಟರ್ ಹಾಕಿದ ಕೂಡಲೇ ಹೊರಬಾಗಿಲಲ್ಲಿ ‘ಗ್ರಬ್’ ಎಂಬ ಕಾವಲುಗಾರ ನಿಂತು “ಯಾರ ಮನೆಗೆ?” ಎಂದು ಕೇಳುತ್ತಾನೆ. ಬಾಣದ ಗುರುತಿನ ಕೀಲಿ ಒತ್ತಿ ಹೇಳಬೇಕು. ಒಂದು ಸಲಕ್ಕೆ ಒಂದೇ ಮನೆ. ಇನ್ನೊಂದಕ್ಕೆ ಹೋಗಬೇಕಾದರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕು.

ಕೈ ಹಾಕುವ ಮೊದಲು

ಎರಡು ಪೆನ್‌ಡ್ರೈವ್ ತನ್ನಿ. ಒಂದಕ್ಕೆ ಕೆಂಪು ದಾರ ಕಟ್ಟಿ. ಕೆಂಪು ದಾರದ್ದರಲ್ಲಿ ಸಂಘದ ಎಲ್ಲಾ ಫೈಲುಗಳ ನಕಲು ಮಾಡಿ, ಮಾಡಿದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೋಡಿ. ನಕಲು ಆಯ್ತು ಅಂತ ನಂಬೋದು ಬೇರೆ, ತೆರೆದು ನೋಡೋದು ಬೇರೆ. ಟ್ಯಾಲಿ ಇದ್ದರೆ ಅದರೊಳಗೇ ‘ಬ್ಯಾಕಪ್’ ಎಂಬ ಆಯ್ಕೆ ಇದೆ, ಅದನ್ನೂ ಮಾಡಿ. ಉಳಿತಾಯ ಮತ್ತು ಸಾಲದ ಪಟ್ಟಿಯನ್ನು ಆ ತಿಂಗಳವರೆಗೆ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಪ್ರತಿನಿಧಿಗಳ ಸಹಿ ಹಾಕಿಸಿ ನಡಾವಳಿ ಪುಸ್ತಕದ ಜೊತೆ ಇಡಿ. ಇಷ್ಟಾದ ಮೇಲೆ ಕೆಂಪು ದಾರದ ಪೆನ್‌ಡ್ರೈವನ್ನು ಕಂಪ್ಯೂಟರ್ ಇರುವ ಕೋಣೆಯಲ್ಲೇ ಇಡಬೇಡಿ, ಇನ್ನೊಬ್ಬರ ಮನೆಯಲ್ಲಿಡಿ.

ಇನ್ನೊಂದು ಪೆನ್‌ಡ್ರೈವ್ (8 ಜಿಬಿ ಸಾಕು) ಲಿನಕ್ಸ್ ಹಾಕುವುದಕ್ಕೆ. ಇಂಟರ್‌ನೆಟ್‌ನಿಂದ ಸುಮಾರು 3 ಜಿಬಿಯ ಫೈಲು ಇಳಿಸಿ, ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶದಿಂದ ಅದರ ಮೇಲೆ ಬರೆಯುತ್ತಾರೆ. ಹಾಗೆ ಬರೆಯುವಾಗ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲಾ ಅಳಿದು ಹೋಗುತ್ತದೆ. ದಾರ ಕಟ್ಟಲು ಹೇಳಿದ್ದು ಇದಕ್ಕೇ.

ಯಾವ ಲಿನಕ್ಸ್? ಬಗೆಬಗೆಯವು ಇವೆ. ಹೊಸಬರಿಗೆ ಲಿನಕ್ಸ್ ಮಿಂಟ್ ಸುಲಭ ಎನ್ನುವುದು ನಮ್ಮ ಅನುಭವ, ಕೆಳಗೆ ಎಡಮೂಲೆಯಲ್ಲಿ ವಿಂಡೋಸಿನ ಹಾಗೇ ಮೆನು ಇರುತ್ತೆ. ಅದಕ್ಕೆ ಕನಿಷ್ಠ 2 ಜಿಬಿ ರ್‍ಯಾಮ್ ಸಾಕೆಂದು ಹೇಳುತ್ತಾರೆ, 4 ಇದ್ದರೆ ಒಳ್ಳೇದು. ಜಾಗ 20 ಜಿಬಿ ಅಂತ ಬರೆದಿದ್ದರೂ ನಾವು 50 ಬಿಡಿಸಿ ಎನ್ನುತ್ತೇವೆ.

ವಿಂಡೋಸ್ ಒಳಗೆ ಮಾಡುವ ಮೂರು ಕೆಲಸ

ಮೊದಲನೆಯದು, ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಬೀಗ ಹಾಕಿದೆಯೋ ನೋಡುವುದು. ಹಾಕಿದ್ದರೆ ಅದಕ್ಕೆ 48 ಅಂಕಿಯ ರಿಕವರಿ ಕೀ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳದೆ ಮುಂದೆ ಹೋಗಬೇಡಿ. ಬದಲಾವಣೆ ಆದ ಮೇಲೆ ವಿಂಡೋಸ್ ಆ ಸಂಖ್ಯೆ ಕೇಳಬಹುದು, ಕೊಡದಿದ್ದರೆ ನಮ್ಮದೇ ಮನೆಗೆ ನಮಗೇ ಪ್ರವೇಶ ಇಲ್ಲ.

ಎರಡನೆಯದು ‘ಫಾಸ್ಟ್ ಸ್ಟಾರ್ಟಪ್’ ಆರಿಸುವುದು. ಅದು ಆನ್ ಇದ್ದರೆ, ನಾವು ಷಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ಕಣ್ಣು ಮುಚ್ಚಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸಿನಿಂದ ಅದೇ ಡಿಸ್ಕಿಗೆ ಬರೆದರೆ ಫೈಲು ಕೆಡಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಇದು ಸಿಗುತ್ತದೆ.

ಮೂರನೆಯದು ಪಾಲು ಮಾಡುವುದು. ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗಡೆ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ‘ಸಿ’ ಪಾಲಿನ ಮೇಲೆ ಮತ್ತೆ ಬಲಗಡೆ ಒತ್ತಿ ‘ಶ್ರಿಂಕ್ ವಾಲ್ಯೂಮ್’. ಲೆಕ್ಕ ಎಂಬಿಯಲ್ಲಿ ಕೇಳುತ್ತದೆ: 50 ಜಿಬಿಗೆ 51200 ಎಂದು ಬರೆಯಬೇಕು. ಬಿಟ್ಟ ಜಾಗ ಕಪ್ಪು ಪಟ್ಟಿಯಾಗಿ ಖಾಲಿ ಕಾಣುತ್ತದೆ. ಖಾಲಿ ಇರಲಿ, ಅದಕ್ಕೆ ಹೆಸರು ಕೊಡಬೇಡಿ. ಸಂಘದ ಲೆಕ್ಕ ‘ಡಿ’ಯಲ್ಲಿದ್ದರೆ ‘ಡಿ’ಯನ್ನು ಮುಟ್ಟುವುದೇ ಬೇಡ.

ಕರೆಂಟಿನ ವಿಷಯ ಮರೆಯಬಾರದು. ಪಾಲು ಮಾಡುತ್ತಿರುವಾಗ ಕರೆಂಟ್ ಹೋದರೆ ಡಿಸ್ಕಿನ ಲೆಕ್ಕಾಚಾರವೇ ತಪ್ಪಬಹುದು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ, ಚಾರ್ಜರ್ ಸಿಕ್ಕಿಸಿಯೇ ಕೂರಿ.

ಮೊದಲು ರುಚಿ ನೋಡಿ

ಲಿನಕ್ಸ್ ಬರೆದ ಪೆನ್‌ಡ್ರೈವ್ ಸಿಕ್ಕಿಸಿ, ಕಂಪ್ಯೂಟರ್ ಆನ್ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿದರೆ (ಕಂಪನಿಗೆ ತಕ್ಕಂತೆ ಬೇರೆ) ಪೆನ್‌ಡ್ರೈವಿನಿಂದಲೇ ಶುರುವಾಗುವ ಆಯ್ಕೆ ಬರುತ್ತದೆ. ಹೀಗೆ ನಡೆಸಿದಾಗ ಡಿಸ್ಕಿನ ಮೇಲೆ ಏನೂ ಬರೆಯುವುದಿಲ್ಲ. ಅನ್ನದ ಅಗುಳು ಹಿಚುಕಿ ನೋಡಿದ ಹಾಗೆ ಒಂದು ಗಂಟೆ ನೋಡಿ. ವೈಫೈ ಸಿಗ್ತಾ ಇದೆಯೇ, ಪ್ರಿಂಟರ್ ಗುರುತಿಸ್ತಾ, ಸದ್ದು ಬರ್ತಾ ಇದೆಯೇ. ಇಲ್ಲೇ ಸರಿ ಬರದಿದ್ದರೆ ಹಾಕಿದ ಮೇಲೆ ತಾನಾಗಿ ಸರಿಹೋಗುತ್ತೆ ಅಂತ ಇಲ್ಲ.

ಕನ್ನಡವನ್ನೂ ಆಗಲೇ ನೋಡಿಕೊಳ್ಳಿ. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡ ‘ಕಗಪ’ ಎಂಬುದು ಸಿಗುತ್ತದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು, ನುಡಿ ತಂತ್ರಾಂಶ ಮಾಡಿದವರು. ಕೆ.ಪಿ. ರಾವ್ ಅವರು ರೂಪಿಸಿದ ಜೋಡಣೆಯ ಜಾಡಿನದು. ನುಡಿಯಲ್ಲಿ ಬೆರಳು ಓಡಿದವರಿಗೆ ಬೇಗ ಒಗ್ಗುತ್ತದೆ.

ಇಲ್ಲಿ ಒಂದು ತೊಡಕು ಇದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಹಳೇ ನುಡಿ, ಶ್ರೀಲಿಪಿ, ಬರಹದಲ್ಲಿ ಟೈಪ್ ಮಾಡಿದ ಸದಸ್ಯರ ಪಟ್ಟಿ, ನಡಾವಳಿಗಳು ಲಿನಕ್ಸಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣಬಹುದು. “ಅಯ್ಯೋ, ಹೋಯ್ತು” ಅಂತ ಗಾಬರಿ ಆಗಬೇಡಿ. ಫೈಲು ಕೆಟ್ಟಿಲ್ಲ. ಆ ಕಾಲದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಹೊರಗೆ ಕಾಣುತ್ತದೆ, ಅಷ್ಟೇ. ವಿಂಡೋಸಿನಲ್ಲಿ ಇರುವಾಗಲೇ ನುಡಿಯ ಪರಿವರ್ತಕದಿಂದ ಅವನ್ನು ಯೂನಿಕೋಡಿಗೆ ಬದಲಾಯಿಸಿ, ಒಂದೊಂದು ಹೆಸರನ್ನೂ ಓದಿ ತಾಳೆ ನೋಡಿ. ಒತ್ತಕ್ಷರ, ರಫಾರ ಕೆಲವು ಸಲ ತಪ್ಪುತ್ತವೆ. ಬ್ಯಾಂಕಿಗೆ ಕೊಡುವ ಪಟ್ಟಿಯಲ್ಲಿ ಸದಸ್ಯೆಯ ಹೆಸರು ತಪ್ಪಿದರೆ ಓಡಾಡುವವರು ನಾವೇ. ಕೆಲಸ ಬೇಸರದ್ದು, ಆದರೂ ಒಂದು ಸಲ ಮಾಡಿಬಿಟ್ಟರೆ ಮೊಬೈಲಿನಲ್ಲೂ ಓದಬಹುದು.

ಅಳಿಸುವ ಗುಂಡಿ

ಈಗ ನಿಜವಾಗಿ ಹಾಕುವುದು. ಭಾಷೆಯ ಪಟ್ಟಿಯಲ್ಲಿ ಕನ್ನಡ ಇದೆ, ಆದರೆ ಅನುವಾದ ಪೂರ್ತಿ ಆಗಿಲ್ಲ, ನಡುನಡುವೆ ಇಂಗ್ಲಿಷ್ ಬರುತ್ತದೆ. ಹೆಚ್ಚಿನ ಪರದೆಗಳಲ್ಲಿ ತಪ್ಪಿದರೆ ಆಮೇಲೆ ತಿದ್ದಬಹುದು. ತಿದ್ದಲಾಗದ ಪರದೆ ಒಂದೇ. ಅಲ್ಲಿ ‘ಇನ್‌ಸ್ಟಾಲ್ ಅಲಾಂಗ್‌ಸೈಡ್ ವಿಂಡೋಸ್’ ಎಂದಿದ್ದರೆ ‘ವಿಂಡೋಸಿನ ಪಕ್ಕದಲ್ಲಿ ಹಾಕು’ ಎಂದರ್ಥ. ನಮಗೆ ಬೇಕಾದ್ದು ಅದು. ‘ಎರೇಸ್ ಡಿಸ್ಕ್’ ಎಂದಿದ್ದರೆ ‘ಡಿಸ್ಕನ್ನೇ ಅಳಿಸು’. ಇಂಗ್ಲಿಷ್ ಓದಲು ಬರದವರೂ ಈ ಎರಡು ಸಾಲಿನ ಆಕಾರ ಗುರುತು ಹಿಡಿಯುವಂತೆ ಯಾರಿಂದಲಾದರೂ ದೊಡ್ಡದಾಗಿ ಕಾಗದದ ಮೇಲೆ ಬರೆಸಿ ಕಂಪ್ಯೂಟರ್ ಪಕ್ಕ ಅಂಟಿಸಿ. ಕೆಲಸ ಮಾಡುವ ಹುಡುಗ ಗುಂಡಿ ಒತ್ತುವ ಮೊದಲು ಸಂಘದ ಇಬ್ಬರು ಪಕ್ಕದಲ್ಲಿ ನಿಂತು, “ಯಾವುದು ಆರಿಸಿದೀಯ, ತೋರಿಸಪ್ಪ” ಎಂದು ಕೇಳಿ. ಬ್ಯಾಂಕಿನಲ್ಲಿ ಒಬ್ಬರ ಸಹಿಗೆ ದುಡ್ಡು ಬರುವುದಿಲ್ಲ ತಾನೇ? ಇಲ್ಲೂ ಹಾಗೇ ಮಾಡಿ.

‘ಪಕ್ಕದಲ್ಲಿ’ ಎನ್ನುವ ಸಾಲೇ ಕಾಣದಿದ್ದರೆ ಮುಂದುವರಿಯದೆ ಹೊರಗೆ ಬನ್ನಿ. ಏನೂ ನಷ್ಟ ಇಲ್ಲ. ಬಲ್ಲವರನ್ನು ಕೇಳಿ ಇನ್ನೊಂದು ದಿನ ಮಾಡಿದರಾಯಿತು.

ಕೊನೆಗೆ ಒಂದು ಪಾಸ್‌ವರ್ಡ್ ಕೇಳುತ್ತದೆ. ಲಿನಕ್ಸಿನಲ್ಲಿ ಏನು ಹೊಸದಾಗಿ ಹಾಕಬೇಕಾದರೂ ಇದು ಬೇಕೇ ಬೇಕು. ಹಾಕಿಕೊಟ್ಟವರು ತಮ್ಮ ಹೆಸರನ್ನೋ 1234 ಎಂದೋ ಇಟ್ಟು ಹೋಗಲು ಬಿಡಬೇಡಿ. ನೀವೇ ಇಡಿ. ಬರೆದ ಚೀಟಿ ಮುಚ್ಚಿದ ಲಕೋಟೆಯಲ್ಲಿ ಸಂಘದ ಪೆಟ್ಟಿಗೆಯಲ್ಲಿರಲಿ, 48 ಅಂಕಿಯ ಚೀಟಿಯೂ ಅಲ್ಲೇ.

ಹಾಕಿದ ಮೇಲೆ

ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರುವುದು ಕಾಣಬಹುದು. ಬೆಳಿಗ್ಗೆ 10.30ರ ಸಭೆ 5 ಗಂಟೆ ಎಂದು ತೋರಿಸುತ್ತದೆ. ಕಂಪ್ಯೂಟರ್ ಕೆಟ್ಟಿಲ್ಲ. ಲಿನಕ್ಸ್ ಒಳಗಿನ ಗಡಿಯಾರವನ್ನು ಗ್ರೀನಿಚ್ ಕಾಲಕ್ಕೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮೂರಿನ ಕಾಲವೆಂದು ಓದುತ್ತದೆ. ‘ಲೋಕಲ್ ಟೈಮ್’ ಇಟ್ಟುಕೋ ಎಂದು ಲಿನಕ್ಸಿಗೆ ಒಂದೇ ಆಜ್ಞೆ ಕೊಟ್ಟರೆ ಮುಗಿಯಿತು. ಹಾಕಿಕೊಡುವವರಿಂದ ಅದನ್ನೂ ಮಾಡಿಸಿಯೇ ಕಳಿಸಿ, ಇಲ್ಲಾಂದ್ರೆ ರಸೀದಿಯ ಸಮಯ ತಪ್ಪುತ್ತೆ.

ಲೆಕ್ಕದ ಫೈಲು ‘ಡಿ’ಯಲ್ಲೇ ಇರಲಿ. ಲಿನಕ್ಸ್ ವಿಂಡೋಸಿನ ಪಾಲನ್ನು ಓದಬಲ್ಲದು, ವಿಂಡೋಸಿಗೆ ಲಿನಕ್ಸಿನ ಪಾಲು ಕಾಣುವುದಿಲ್ಲ. ಎಕ್ಸೆಲ್ ಪಟ್ಟಿಯನ್ನು ಲಿಬ್ರೆ ಆಫೀಸ್ ತೆರೆಯುತ್ತದೆ. ಉಳಿಸುವಾಗ ಮಾತ್ರ ಎಕ್ಸೆಲ್ ನಮೂನೆಯಲ್ಲೇ ಉಳಿಸಿ, ಕೂಡುವ ಸೂತ್ರ ಒಂದೆರಡು ಕೈಯಲ್ಲಿ ಕೂಡಿ ನೋಡಿ. ಇ-ಮೇಲು, ಬ್ಯಾಂಕಿನ ಕೆಲಸ, ಸರಕಾರಿ ಅರ್ಜಿ ಮುಂತಾದ ಇಂಟರ್‌ನೆಟ್ ಕೆಲಸವನ್ನೆಲ್ಲ ಲಿನಕ್ಸಿನಲ್ಲಿ ಮಾಡಿ. ವಿಂಡೋಸ್ 10 ಟ್ಯಾಲಿಗೂ ಹಳೇ ಪ್ರಿಂಟರಿಗೂ ಇರಲಿ, ಆದಷ್ಟೂ ಇಂಟರ್‌ನೆಟ್ ಇಲ್ಲದೆ.

ಎಂದಾದರೂ ಕಾವಲುಗಾರ ಕಾಣದೆ ನೇರ ವಿಂಡೋಸಿಗೇ ಹೋದರೆ ಲಿನಕ್ಸ್ ಅಳಿದುಹೋಯಿತು ಎಂದಲ್ಲ. ದೊಡ್ಡ ನವೀಕರಣ ಆದಾಗ ಹೀಗಾಗುವುದುಂಟು. ಬೂಟ್ ಕ್ರಮದಲ್ಲಿ ‘ಉಬುಂಟು’ ಎಂಬ ಹೆಸರನ್ನು ಮೇಲೆ ತಂದರೆ ಮರಳಿ ಬರುತ್ತದೆ. ಮಿಂಟ್ ಹಾಕಿದ್ದರೂ ಅಲ್ಲಿ ಇದೇ ಹೆಸರು ಇರುತ್ತದೆ.

ಸಭೆಯಲ್ಲಿ ಚರ್ಚಿಸಿ

ನಮ್ಮ ಲೆಕ್ಕದ ನಕಲು ಈಗ ಎಲ್ಲೆಲ್ಲಿ ಇದೆ? ಕೊನೆಯ ಸಲ ಯಾರು ತೆರೆದು ನೋಡಿದರು?

ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿರುವವರು ಎಷ್ಟು ಜನ? ಅವರು ಊರಿಗೆ ಹೋದರೆ?

ಕೆಂಪು ದಾರದ ಪೆನ್‌ಡ್ರೈವ್ ಈ ತಿಂಗಳು ಯಾರ ಮನೆಯಲ್ಲಿರಲಿ?