ಯಾರೂ ಮಾತನಾಡದಿದ್ದರೂ ಕಾಯುವ ಆಂಪ್ಲಿಫೈಯರ್



ಪವಿತ್ರ ವಾರ ನಮ್ಮ ಸೀಮೆಗೆ ಬಿಸಿಲಿನ ಜೊತೆಗೇ ಬರುತ್ತದೆ. ಹಿಂದೂಪುರವಾಗಲಿ ಕಲ್ಯಾಣದುರ್ಗವಾಗಲಿ, ತೆಲುಗು ಪೂಜೆಯ ಬೆನ್ನಿಗೇ ಕನ್ನಡ ಪೂಜೆ ಇದ್ದರೆ ನಡುವೆ ಮೈಕ್ ಸೆಟ್ ಆರಿಸುವವರಿಲ್ಲ. ಒಳಗಿನ ಸ್ಪೀಕರ್‌ಗಳಿಗೆ ಒಂದು ಆಂಪ್ಲಿಫೈಯರ್, ಅಂಗಳದ ಹಾರ್ನ್‌ಗಳಿಗೆ ಇನ್ನೊಂದು. ಮೊದಲನೆಯದರ ಲೈನ್ ಔಟ್‌ನಿಂದ ಎರಡನೆಯದರ ಆಕ್ಸ್‌ಗೆ ಒಂದು ವೈರ್. ಶುಭ ಶುಕ್ರವಾರ ಯಾತನೆಯ ವೃತ್ತಾಂತ ಓದುವಾಗ ಆ ಎರಡನೆಯದು ಕಾದು ನಿಂತುಬಿಟ್ಟರೆ, ಶಾಮಿಯಾನದಡಿ ಕುಳಿತ ಅಜ್ಜಿಯರಿಗೆ ವರ್ಷಕ್ಕೊಮ್ಮೆ ಕನ್ನಡದಲ್ಲಿ ಕೇಳುವುದೂ ತಪ್ಪುತ್ತದೆ. ಸದ್ದಿಲ್ಲದಿರುವಾಗಲೂ ಆಂಪ್ಲಿಫೈಯರ್ ಮುಟ್ಟಲಾಗದಷ್ಟು ಕಾದರೆ, ಅದು ಕೆಟ್ಟಿದೆ ಎನ್ನುವ ಮುಂಚೆ ವೈರ್ ನೋಡಬೇಕು.

ಈ ಜೋಡಣೆ ವೈರ್‌ನಲ್ಲಿ ಹರಿಯುವ ಕರೆಂಟ್ ಒಂದು ಆಂಪಿಯರ್‌ನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ವೈರ್ ತಾನು ಕಾಯುವುದಿಲ್ಲ. ದುಬಾರಿ ವೈರ್ ಹಾಕಿದರೆ ಬಿಲ್ಲು ಇಳಿಯುತ್ತದೆ ಎಂಬುದೂ ಅಂಗಡಿಯ ಮಾತಷ್ಟೇ. ಆದರೆ ಅದರಲ್ಲಿ ಬಂದದ್ದನ್ನೆಲ್ಲ ಆಂಪ್ಲಿಫೈಯರ್ ದೊಡ್ಡದು ಮಾಡುತ್ತದೆ. ಪಿನ್ನಿನ ಬಳಿ ಹೊರಜಾಲರಿ ಕಿತ್ತಿದ್ದರೆ ಮನೆಯ ಕರೆಂಟಿನ 50 ಹರ್ಟ್ಜ್ 'ಗುಂಯ್' ಒಳಗೆ ಬರುತ್ತದೆ. ಅದಾದರೂ ಕಿವಿಗೆ ಬೀಳುತ್ತದೆ. ಇದೇ ವೈರನ್ನು ಸ್ಪೀಕರ್ ವೈರ್ ಜೊತೆ ಸೇರಿಸಿ ಕಟ್ಟಿದ್ದರೆ, ಹೊರಗೆ ಹೋಗುವ ಸಂಕೇತ ಸೋರಿ ಮತ್ತೆ ಒಳಗೆ ಬರಬಹುದು. ಮೈಕನ್ನು ಸ್ಪೀಕರ್ ಮುಂದೆ ಹಿಡಿದಾಗ 'ಕೀ' ಎಂದು ಕೂಗುತ್ತದಲ್ಲ, ಹಾಗೆಯೇ ಇದೂ ಕೂಗುತ್ತದೆ, ಆದರೆ 20,000 ಹರ್ಟ್ಜ್‌ಗಿಂತ ಮೇಲೆ. ನಮಗೆ ಕೇಳಿಸದು, ಮೀಟರ್‌ಗೆ ಗೊತ್ತಾಗುತ್ತದೆ.

ಮೀಟರನ್ನೇ ಕೇಳಿ. ಫ್ಯಾನ್, ದೀಪ ಎಲ್ಲ ಆರಿಸಿ, ಆಂಪ್ಲಿಫೈಯರ್‌ಗಳನ್ನು ಮಾತ್ರ ಹಾಕಿ, ಕೆಂಪು ದೀಪದ ಮಿಣುಕು ಎಣಿಸಿ. ಮೀಟರ್ ಮೇಲೆ ಯೂನಿಟ್‌ಗೆ 3200 ಎಂದಿದ್ದರೆ ನಿಮಿಷಕ್ಕೆ 10 ಮಿಣುಕು ಎಂದರೆ ಸುಮಾರು 190 ವ್ಯಾಟ್. ವಾಲ್ಯೂಮ್ ಇಳಿಸಿ ಜೋಡಣೆ ವೈರ್ ಕಿತ್ತು, ವಾಲ್ಯೂಮನ್ನು ಮೊದಲಿನಷ್ಟೇ ಇಟ್ಟು ಮತ್ತೆ ಎಣಿಸಿ. ಮಿಣುಕು ಗಣನೀಯವಾಗಿ ಇಳಿದರೆ ಕಳ್ಳ ಸಿಕ್ಕಂತೆ.

ಇಳಿಯದಿದ್ದರೆ ಸ್ಪೀಕರ್ ಕಡೆ ನೋಡಿ. 8 ಓಮ್‌ನ ಎರಡು ಸ್ಪೀಕರ್‌ಗಳನ್ನು ಪಕ್ಕಪಕ್ಕಕ್ಕೆ ಕೊಟ್ಟರೆ 4 ಓಮ್ ಆಗಿ ಕರೆಂಟ್ ಇಮ್ಮಡಿಯಾಗುತ್ತದೆ. ಹಾಡು, ಓದು ನಡೆಯುವಾಗ ಕಾಯುವುದಕ್ಕೆ ಬಹುಪಾಲು ಇದೇ ಕಾರಣ. ಅಂಗಳಕ್ಕೆ ದೂರ ಎಳೆಯುವಾಗ 100 ವೋಲ್ಟ್ ಲೈನೇ ಒಳ್ಳೆಯದು: 100 ವ್ಯಾಟ್‌ಗೆ 1 ಆಂಪಿಯರ್ ಸಾಕು, 8 ಓಮ್‌ನಲ್ಲಿ ಸುಮಾರು 3.5 ಬೇಕು.

'ಗುಂಯ್' ನಿಲ್ಲಿಸಲು ಪ್ಲಗ್ಗಿನ ದಪ್ಪ ಪಿನ್, ಅಂದರೆ ಅರ್ಥ್ ಪಿನ್, ಮುರಿಯುವ ಅಭ್ಯಾಸ ಹಲವೆಡೆ ಇದೆ. ಸದ್ದು ನಿಲ್ಲುವುದೂ ಉಂಟು. ಆದರೆ ಒಳಗೆ ಫೇಸ್ ವೈರ್ ಕವಚಕ್ಕೆ ತಗುಲಿದರೆ ಶಾಕ್ ಹೋಗುವುದು ಮೈಕ್ ಹಿಡಿದು ವಾಚನ ಓದುವವರ ಕೈಗೆ. ಎರಡೂ ಆಂಪ್ಲಿಫೈಯರ್‌ಗಳನ್ನು ಒಂದೇ ಬೋರ್ಡಿಗೆ ಹಾಕಿ. ಆಗಲೂ ಗುಂಯ್‌ಗುಟ್ಟಿದರೆ ಜೋಡಣೆ ವೈರ್ ನಡುವೆ ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಡಿ.

ಗರಿಗಳ ಭಾನುವಾರಕ್ಕೆ ಮುಂಚಿನ ಶನಿವಾರ ಸಂಜೆ ಎಲ್ಲ ವೈರ್‌ಗಳನ್ನೂ ಬಿಚ್ಚಿ ನೋಡುತ್ತೇವೆ. ಸೋಲ್ಡರಿಂಗ್ ಐರನ್ ಇರುವವರು ತನ್ನಿ.